ಫಿಸಿಯೋಥೆರಪಿ ಕೊಠಡಿಯಿಂದ ಕಂಡ ಜೆ.ಜೆ. ವಾಟ್

ಹ್ಯೂಸ್ಟನ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವವರಿಗೆ ಅಮೆರಿಕನ್ ಫುಟ್‌ಬಾಲ್ ಗೊತ್ತಿರಲೇಬೇಕು. ಪರವಾನಗಿ ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಚಿಕಿತ್ಸೆಗೆ ಬಂದು ಮಲಗಿದವರು ಕೇಳುತ್ತಾರೆ. ಆಗಸ್ಟ್ ತಿಂಗಳಿನಿಂದ ಡಿಸೆಂಬರ್‌ವರೆಗೆ ನಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ ಶಾಲಾ ಹುಡುಗರೇ ಹೆಚ್ಚು. ಭುಜ ಜಾರಿದವರು, ಮಂಡಿಯ ಲಿಗಮೆಂಟ್ ಹರಿದವರು, ಬೆರಳು ಮುರಿದುಕೊಂಡವರು. ಟೆಕ್ಸಸ್‌ನಲ್ಲಿ ಶುಕ್ರವಾರ ರಾತ್ರಿ ಶಾಲೆಗಳ ಪಂದ್ಯ, ಭಾನುವಾರ ವೃತ್ತಿಪರರ ಪಂದ್ಯ. ಸೋಮವಾರ ಬೆಳಗ್ಗೆ ಎರಡರ ನೋವೂ ನಮ್ಮ ಬಾಗಿಲಿಗೆ ಬರುತ್ತದೆ, ಎರಡರ ಮಾತೂ ಬರುತ್ತದೆ.

ಮಂಗಳೂರಿನಲ್ಲಿ ಓದಿ, ಇಲ್ಲಿ ಮತ್ತೆ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದ ನನಗೆ ಸ್ನಾಯು, ಮೂಳೆ, ನರಗಳ ದಾರಿ ಚೆನ್ನಾಗಿ ಗೊತ್ತಿತ್ತು. ಈ ಆಟ ಆ ಸ್ನಾಯುಗಳಿಂದ ಏನು ಕೆಲಸ ತೆಗೆಯುತ್ತದೆ ಎಂಬುದನ್ನು ಮಾತ್ರ ಹೊಸದಾಗಿ ಕಲಿಯಬೇಕಿತ್ತು. ಅದನ್ನು ಕಲಿಸಿದ್ದು ಒಬ್ಬ ಆಟಗಾರನ ವೃತ್ತಿಜೀವನ. ಹ್ಯೂಸ್ಟನ್ ಟೆಕ್ಸನ್ಸ್ ತಂಡದಲ್ಲಿ 99ನೇ ಸಂಖ್ಯೆಯ ಅಂಗಿ ತೊಟ್ಟು 2011ರಲ್ಲಿ ಕಣಕ್ಕಿಳಿದ ಜೆ.ಜೆ. ವಾಟ್, 2023ರ ಜನವರಿಯಲ್ಲಿ ಅರಿಜೋನಾ ತಂಡದ ಅಂಗಿಯಲ್ಲಿ ಕೊನೆಯ ಪಂದ್ಯ ಆಡಿದ. ಆ ಹನ್ನೆರಡು ಋತುಗಳನ್ನೂ ನಾನು ನೋಡಿದ್ದೇನೆ. ಅಭಿಮಾನಿಗಳು ಅವನ ಅಂಕಿಗಳನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ ನೆನಪಿರುವುದು ಅವನ ಮೊಣಕೈ, ಬೆನ್ನು, ಮಂಡಿ, ಎದೆ, ಭುಜ, ಮತ್ತು ಕೊನೆಗೆ ಹೃದಯ.

ಆಟದ ಚೌಕಟ್ಟು ಕಷ್ಟದ್ದಲ್ಲ. ಎರಡೂ ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರೊಳಗೆ ಹತ್ತು ಯಾರ್ಡ್ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ದಾಳಿಯ ತಂಡದ ನಡುವೆ ನಿಂತು ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಜನ ದೈತ್ಯರು ಗೋಡೆಯಾಗಿ ನಿಲ್ಲುತ್ತಾರೆ, ಒಬ್ಬೊಬ್ಬನೂ ನೂರ ನಲವತ್ತು ಕಿಲೋ ತೂಗುವವನು. ಆ ಗೋಡೆಯನ್ನು ಒಡೆದು, ಚೆಂಡು ಕೈಬಿಡುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವಿದರೆ ಅದು ಸ್ಯಾಕ್. ಗೋಡೆಯ ಅಂಚಿನಲ್ಲಿ ನಿಂತು ಈ ಕೆಲಸಕ್ಕೆ ಹೊರಡುವವನು ಡಿಫೆನ್ಸಿವ್ ಎಂಡ್. ಟಿ.ವಿ. ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆ ಓಡುವುದರಿಂದ ಇವನ ಕೆಲಸದ ಬಹುಪಾಲು ಪರದೆಯ ಅಂಚಿನಲ್ಲೇ ನಡೆದು ಮುಗಿದುಹೋಗುತ್ತದೆ. ಆ ಅಂಚನ್ನು ನೋಡಲು ಕಣ್ಣನ್ನು ಪಳಗಿಸಿಕೊಳ್ಳಬೇಕು.

ನನ್ನ ಕಣ್ಣು ಪಳಗಿದ್ದು ಒಬ್ಬ ಹುಡುಗನಿಂದ. ಹದಿನಾರರ ವಯಸ್ಸು, ಶಾಲಾ ತಂಡದಲ್ಲಿ ಡಿಫೆನ್ಸಿವ್ ಎಂಡ್, ಬಲಭುಜ ಜಾರಿ ಬಂದಿದ್ದ. ಮಾಮೂಲಿನಂತೆ ರಬ್ಬರ್ ಪಟ್ಟಿ ಎಳೆಸಿ, ಗೋಡೆಗೆ ಚೆಂಡು ಒತ್ತಿಸಿ, ತಿಂಗಳು ಕಳೆದ ಮೇಲೆ ಭುಜ ಈಗ ಗಟ್ಟಿಯಾಗಿದೆ ಎಂದೆ. ಅವನು, "ಹಾಗಾದರೆ ನಾನು ಯಾವಾಗ ಎದುರಿನವನ ಎದೆಗೆ ಕೈ ಹೊಡೆಯಬಹುದು?" ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಆ ಹೊಡೆತ ಎಂಥದ್ದು, ತೋಳು ಎಷ್ಟು ಚಾಚಿರುತ್ತದೆ, ಎಷ್ಟು ಭಾರ ಎದುರಿಗೆ ಬರುತ್ತದೆ ಎಂದು ತಿಳಿದಿರಬೇಕು. ವಾಟ್ ಆಡುವುದನ್ನು ನೋಡಿ ಎಂದು ಅವನೇ ಹೇಳಿದ. ಆ ವಾರದಿಂದ ನೋಡಲು ಶುರುಮಾಡಿದೆ. ಚೆಂಡನ್ನು ಬಿಟ್ಟು 99ನ್ನು ಮಾತ್ರ.

ಮೊದಲು ಕಂಡದ್ದು ಅವನು ಕೂರುವ ಭಂಗಿ. ಒಂದು ಕೈಯ ಬೆರಳು ನೆಲಕ್ಕೆ ತಾಗಿಸಿ, ಸೊಂಟ ಎತ್ತಿ, ಬೆನ್ನು ಚಪ್ಪಟೆಯಾಗಿ, ತಲೆ ಎತ್ತಿ ನೋಡುವ ಭಂಗಿ. ಆರು ಅಡಿ ಐದು ಅಂಗುಲದ, ನೂರ ಮೂವತ್ತು ಕಿಲೋದ ಮನುಷ್ಯ ಆ ಭಂಗಿಯಿಂದ ಒಂದೇ ಹೆಜ್ಜೆಗೆ ಸಿಡಿದೇಳಬೇಕಾದರೆ ಹಿಮ್ಮಡಿಯ ಕೀಲು, ಸೊಂಟದ ಕೀಲು, ಕೆಳಬೆನ್ನು ಮೂರೂ ಒಂದೇ ಕ್ಷಣದಲ್ಲಿ ಕೆಲಸ ಮಾಡಬೇಕು. ಎರಡನೆಯದಾಗಿ ಕಂಡದ್ದು ಕೈ. ಎದುರಿನವನು ಹಿಡಿಯಲು ಚಾಚುವ ಕೈಗಳನ್ನು ಒಂದು ಕೈಯಿಂದ ಬದಿಗೆ ಸರಿಸಿ, ಇನ್ನೊಂದು ಕೈಯನ್ನು ಈಜುವವನ ಹಾಗೆ ಅವನ ಹೆಗಲ ಮೇಲಿಂದ ಹಾಯಿಸಿ ಒಳನುಗ್ಗುವುದು ವಾಟ್‌ನ ಮೆಚ್ಚಿನ ವರಸೆ. ಆ ಹೊತ್ತಿನಲ್ಲಿ ಭುಜ ಪೂರ್ತಿ ಮೇಲೆತ್ತಿರುತ್ತದೆ, ಕಂಕುಳು ತೆರೆದಿರುತ್ತದೆ, ಎದುರಿನವನ ತೂಕ ಅದರ ಮೇಲೆ ಬೀಳುತ್ತದೆ. ಭುಜ ಜಾರಲು ಅದಕ್ಕಿಂತ ಹದವಾದ ಭಂಗಿ ಬೇರೊಂದಿಲ್ಲ. ನನ್ನ ಹುಡುಗನನ್ನು ಇನ್ನೂ ಕೆಲವು ವಾರ ಮೈದಾನದಿಂದ ದೂರ ಇಟ್ಟೆ.

ವಾಟ್ ಬಂದ ದಾರಿಯೂ ನನಗೆ ಹಿಡಿಸಿತ್ತು. ವಿಸ್ಕಾನ್ಸಿನ್ ರಾಜ್ಯದ ಪಿವಾಕಿ ಊರಿನವನು. ತಂದೆ ಅಗ್ನಿಶಾಮಕ ದಳದಲ್ಲಿದ್ದವರು, ಮೂವರು ಗಂಡುಮಕ್ಕಳಲ್ಲಿ ಇವನೇ ಹಿರಿಯ. ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನದ ಮೇಲೆ ಸೇರಿದಾಗ ಅವನು ರಕ್ಷಣೆಯವನೇ ಅಲ್ಲ, ದಾಳಿಯ ಕಡೆ ಚೆಂಡು ಹಿಡಿಯುವ ಟೈಟ್ ಎಂಡ್. ಒಂದೇ ಋತುವಿಗೆ ಅದನ್ನು ಬಿಟ್ಟು, ವಿದ್ಯಾರ್ಥಿವೇತನವನ್ನೂ ಬಿಟ್ಟುಕೊಟ್ಟು ಊರಿಗೆ ಮರಳಿ, ಮನೆಮನೆಗೆ ಪಿಜ್ಜಾ ತಲುಪಿಸುತ್ತ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡಕ್ಕೆ ಯಾವ ನೆರವೂ ಇಲ್ಲದೆ ಸೇರಿಕೊಂಡ. ಅಲ್ಲಿ ರಕ್ಷಣೆಗೆ ಬದಲಾದ. ವೃತ್ತಿಪರ ಲೀಗಿನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2011ರ ಆಯ್ಕೆಯಲ್ಲಿ ಟೆಕ್ಸನ್ಸ್ ಅವನನ್ನು ಹನ್ನೊಂದನೆಯವನಾಗಿ ಆರಿಸಿದಾಗ ಹ್ಯೂಸ್ಟನ್‌ನ ಅಭಿಮಾನಿಗಳಲ್ಲಿ ಕೆಲವರು ಅಸಮಾಧಾನದಿಂದ ಕೂಗು ಹಾಕಿದ್ದರು.

ಆ ಕೂಗು ಅಡಗಲು ಒಂದು ವರ್ಷವೂ ಬೇಕಾಗಲಿಲ್ಲ. 2012ರ ಜನವರಿ 7ರಂದು ಟೆಕ್ಸನ್ಸ್ ತನ್ನ ಇತಿಹಾಸದ ಮೊದಲ ಪ್ಲೇಆಫ್ ಪಂದ್ಯವನ್ನು, ಅಂದರೆ ಋತುವಿನ ಕೊನೆಯ ನಾಕೌಟ್ ಹಂತದ ಪಂದ್ಯವನ್ನು, ಸಿನ್ಸಿನಾಟಿ ವಿರುದ್ಧ ಆಡುತ್ತಿತ್ತು. ಅಂಕ ಹತ್ತು-ಹತ್ತು. ಅರ್ಧವಿರಾಮ ಹತ್ತಿರವಾಗಿತ್ತು. ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಆಂಡಿ ಡಾಲ್ಟನ್ ಎಸೆದ ಚೆಂಡನ್ನು ವಾಟ್ ಎರಡು ಹೆಜ್ಜೆ ದೂರದಲ್ಲೇ ಕೈ ಎತ್ತಿ ಹಿಡಿದು 29 ಯಾರ್ಡ್ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ಪಂದ್ಯ 31-10ರಲ್ಲಿ ಮುಗಿಯಿತು. ಸಾಮಾನ್ಯವಾಗಿ ಅಷ್ಟು ಹತ್ತಿರದಿಂದ ಆ ವೇಗದ ಚೆಂಡನ್ನು ತಟ್ಟಿ ಕೆಡವುವುದೇ ದೊಡ್ಡದು. ಹಿಂದೆ ಟೈಟ್ ಎಂಡ್ ಆಗಿದ್ದ ಕಾಲದ ಕೈಗಳು ಅವನಿಗೆ ಅಲ್ಲಿ ಒದಗಿದವು ಎಂದು ನನಗನ್ನಿಸುತ್ತದೆ. ಸೋಮವಾರ ನಮ್ಮ ಕ್ಲಿನಿಕ್‌ನಲ್ಲಿ ಮೊಣಕಾಲು ಬದಲಿಸಿಕೊಂಡ ಅಜ್ಜಿಯರೂ ಅದೇ ಮಾತನ್ನು ಆಡುತ್ತಿದ್ದರು.

ಮುಂದಿನ ಋತುವಿನ ಮೊದಲು, ತರಬೇತಿಯಲ್ಲಿ ಅವನ ಎಡ ಮೊಣಕೈ ಕೀಲು ತಪ್ಪಿತು. ಆ ವರ್ಷ ಕೈಗೆ ದೊಡ್ಡ ಪಟ್ಟಿ ತೊಟ್ಟೇ ಆಡಿದ. ನಾನು ಅವನ ಗಾಯಗಳನ್ನು ವೈದ್ಯಕೀಯ ಕಣ್ಣಿನಿಂದ ನೋಡಲು ಆರಂಭಿಸಿದ್ದು ಆ ಪಟ್ಟಿಯಿಂದಲೇ. ಮೊಣಕೈ ಜಾರಿದವರಿಗೆ ತೋಳು ಪೂರ್ತಿ ನೇರವಾಗುವ ಕೊನೆಯ ಹಂತದಲ್ಲಿ ಭಯ ಇರುತ್ತದೆ. ನೋವು ಹೋದ ಮೇಲೂ ಆ ಭಯ ಉಳಿಯುತ್ತದೆ. ವಾಟ್ ಆ ಋತುವಿನಲ್ಲಿ 20.5 ಸ್ಯಾಕ್ ಮಾಡಿದ (ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ), ಜೊತೆಗೆ 16 ಎಸೆತಗಳನ್ನು ಗಾಳಿಯಲ್ಲೇ ತಡೆದ. ಅಷ್ಟು ಎಸೆತಗಳನ್ನು ತಡೆಯುವುದು ಹಿಂದೆ ನಿಂತು ಚೆಂಡು ಹಿಡಿಯುವವರನ್ನು ಕಾಯುವ ಆಟಗಾರರ ಕೆಲಸ, ಮುಂಚೂಣಿಯವನದ್ದಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟಲು ಆಗದು ಎಂದು ಕಂಡ ಕೂಡಲೇ ಅವನು ನಿಂತು ಎರಡೂ ಕೈಗಳನ್ನು ನೆತ್ತಿಯ ಮೇಲೆ ಎತ್ತುತ್ತಿದ್ದ. ಪಟ್ಟಿ ಕಟ್ಟಿದ ಕೈಯನ್ನೂ. ಆ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಅವನದಾಯಿತು.

2014ರ ಶರತ್ಕಾಲದಲ್ಲಿ ಅಪ್ಪ ಬಂಟ್ವಾಳದಿಂದ ನಮ್ಮಲ್ಲಿಗೆ ಬಂದಿದ್ದರು. ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದವರು, ಹುಡುಗರಿಗೆ ವರ್ಷಗಟ್ಟಲೆ ಕಬಡ್ಡಿ ಆಡಿಸಿದವರು. ಸೆಪ್ಟೆಂಬರ್ 28ರ ಭಾನುವಾರ ಬಫಲೋ ಬಿಲ್ಸ್ ವಿರುದ್ಧದ ಪಂದ್ಯ ನೋಡಲು ಅವರನ್ನೂ ಕೂರಿಸಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಿಯಮ ಕೇಳಲಿಲ್ಲ, ಅಂಕವನ್ನೂ ಕೇಳಲಿಲ್ಲ. ಆಮೇಲೆ, "ಆ ತೊಂಬತ್ತೊಂಬತ್ತರವನನ್ನು ನೋಡು ಮಗಳೇ. ಚೆಂಡು ಅಲುಗಿದ ಮೇಲೆ ಅವನು ಚೆಂಡನ್ನು ನೋಡುವುದೇ ಇಲ್ಲ. ಎದುರಿನವನ ಸೊಂಟ ಯಾವ ಕಡೆ ವಾಲುತ್ತದೆ ಎಂದು ನೋಡುತ್ತಾನೆ. ನಮ್ಮ ಹುಡುಗರಿಗೂ ಅಷ್ಟನ್ನೇ ಹೇಳುತ್ತಿದ್ದೆ. ರೈಡರ್‌ನ ಕಣ್ಣು ಮೋಸ ಮಾಡುತ್ತದೆ, ಸೊಂಟ ಮೋಸ ಮಾಡುವುದಿಲ್ಲ" ಎಂದರು.

ಮೂರನೆಯ ಕ್ವಾರ್ಟರ್‌ನಲ್ಲಿ ವಾಟ್ ಮತ್ತೊಮ್ಮೆ ಎಸೆತವನ್ನು ಕೈಯಲ್ಲೇ ಹಿಡಿದು, ಈ ಬಾರಿ 80 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಹೆಚ್ಚುಕಡಿಮೆ ಇಡೀ ಮೈದಾನದ ಉದ್ದ. ಅಪ್ಪ ಸೋಫಾದಿಂದ ಎದ್ದು ನಿಂತಿದ್ದರು. "ಈ ಮೈಯವನು ಇಷ್ಟು ದೂರ ಓಡುತ್ತಾನೆಯೇ!" ಎಂದು ರಾತ್ರಿ ಊಟದವರೆಗೂ ಹೇಳುತ್ತಿದ್ದರು. ಆಮೇಲೆ ಅವರು ಇಲ್ಲಿ ಇದ್ದಷ್ಟು ದಿನವೂ ಭಾನುವಾರದ ಮಧ್ಯಾಹ್ನ ಬೇರೆ ಯಾರ ಮನೆಗೂ ಹೋಗಲು ಒಪ್ಪಲಿಲ್ಲ. ಪೇರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗುವುದಿದ್ದರೂ ಬೆಳಗ್ಗೆಯೇ ಹೋಗಿ ಬರಬೇಕಿತ್ತು.

ಆ ಋತು ಎಲ್ಲರ ಬಾಯಲ್ಲೂ ಇರುವುದು ಸಹಜ. ಮತ್ತೊಮ್ಮೆ 20.5 ಸ್ಯಾಕ್. ಎರಡು ಋತುಗಳಲ್ಲಿ ಇಪ್ಪತ್ತರ ಗಡಿ ದಾಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಐದು ಟಚ್‌ಡೌನ್, ಅವುಗಳಲ್ಲಿ ಮೂರು ದಾಳಿಯ ಕಡೆ ನಿಂತು ಚೆಂಡು ಹಿಡಿದು ಮಾಡಿದವು. ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಗೆ ಐವತ್ತಕ್ಕೆ ಐವತ್ತು ಮತ. ಇಡೀ ಲೀಗಿನ ಅತ್ಯಮೂಲ್ಯ ಆಟಗಾರನ ಆಯ್ಕೆಯಲ್ಲೂ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ನಂತರ ಎರಡನೆಯವನು. ಆ ಗೌರವ ರಕ್ಷಣೆಯವನಿಗೆ ಕೊನೆಯ ಬಾರಿ ಸಂದದ್ದು 1986ರಲ್ಲಿ, ಲಾರೆನ್ಸ್ ಟೇಲರ್‌ಗೆ. 2015ರಲ್ಲಿ ಎಡಗೈ ಮುರಿದುಕೊಂಡು, ಕೈಗೆ ಗದೆಯಂತಹ ಕಟ್ಟು ಹಾಕಿಸಿಕೊಂಡು ಆಡಿಯೂ 17.5 ಸ್ಯಾಕ್ ಮಾಡಿ, ಮೂರನೆಯ ಬಾರಿ ಶ್ರೇಷ್ಠ ರಕ್ಷಣಾ ಆಟಗಾರನಾಗಿ ಅದೇ ಟೇಲರ್‌ನ ಸಾಲಿಗೆ ಸೇರಿದ.

ಅಭಿಮಾನಿಗಳ ಕಥೆ ಇಲ್ಲಿಗೆ ತುದಿ ಮುಟ್ಟುತ್ತದೆ. ನನ್ನ ಮನಸ್ಸಿನಲ್ಲಿ ಅವನ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ.

2016ರ ಜುಲೈಯಲ್ಲಿ ಅವನ ಬೆನ್ನಿನ ಡಿಸ್ಕ್ ಶಸ್ತ್ರಚಿಕಿತ್ಸೆಯ ಸುದ್ದಿ ಬಂತು. ಅದಕ್ಕೆ ಆರು ತಿಂಗಳ ಹಿಂದಷ್ಟೇ ತೊಡೆಸಂದಿನ ಸ್ನಾಯುಗಳಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುವುದು ನಾನು ದಿನವೂ ಕಾಣುವ ತೊಂದರೆ. ಗುಮಾಸ್ತರಿಗೂ ಬರುತ್ತದೆ, ಲಾರಿ ಚಾಲಕರಿಗೂ ಬರುತ್ತದೆ. ಆದರೆ ಮುಂಚೂಣಿಯ ಆಟಗಾರನ ಬೆನ್ನು ಪ್ರತಿ ಬಾರಿ ಚೆಂಡು ಅಲುಗಿದಾಗಲೂ ಬಾಗಿದ ಸ್ಥಿತಿಯಿಂದ ಸೆಟೆಯುತ್ತದೆ, ಸೆಟೆಯುವಾಗಲೇ ನೂರ ನಲವತ್ತು ಕಿಲೋದ ಎದುರಾಳಿಯನ್ನು ತಳ್ಳುತ್ತದೆ, ತಳ್ಳುತ್ತಲೇ ತಿರುಚುತ್ತದೆ. ಬಾಗು, ಭಾರ, ತಿರುಚು: ಡಿಸ್ಕ್‌ಗೆ ಆಗದ ಮೂರೂ ಒಟ್ಟಿಗೆ. ವಾಟ್ ಸೆಪ್ಟೆಂಬರ್‌ನಲ್ಲೇ ಮೈದಾನಕ್ಕೆ ಮರಳಿದ. ಮೂರು ಪಂದ್ಯ ಆಡಿದ. ಬೆನ್ನು ಮತ್ತೆ ಕೈಕೊಟ್ಟಿತು, ಎರಡನೆಯ ಶಸ್ತ್ರಚಿಕಿತ್ಸೆಯಾಯಿತು, ಆ ವರ್ಷದ ಆಟ ಮುಗಿಯಿತು. ಆ ಮೂರು ಪಂದ್ಯಗಳಲ್ಲಿ ಅವನ ಮೊದಲ ಹೆಜ್ಜೆ ಮೊದಲಿನ ಹಾಗಿರಲಿಲ್ಲ. ಏಳುವಾಗ ಸೊಂಟ ಮುಂದೆ ಬರುವ ಬದಲು ಮೇಲೆ ಹೋಗುತ್ತಿತ್ತು. ಬೆನ್ನನ್ನು ಕಾಯಲು ದೇಹ ತಾನಾಗಿಯೇ ಮಾಡುವ ಉಪಾಯ ಅದು. ನನ್ನ ರೋಗಿಗಳು ಕುರ್ಚಿಯಿಂದ ಏಳುವಾಗ ಮಾಡುವುದೂ ಅದನ್ನೇ.

2017ರ ಆಗಸ್ಟ್ ಕೊನೆಯಲ್ಲಿ ಹಾರ್ವಿ ಚಂಡಮಾರುತ ಬಂತು. ಹ್ಯೂಸ್ಟನ್‌ನ ಮೇಲೆ ದಿನಗಟ್ಟಲೆ ಮಳೆ ಸುರಿಯಿತು, ಬಾಯೂಗಳು, ಅಂದರೆ ಊರಿನ ನಡುವೆ ಹರಿಯುವ ತೊರೆಗಳು, ಉಕ್ಕಿ ಹರಿದು ಬಡಾವಣೆಗಳೇ ಮುಳುಗಿದವು. ನಮ್ಮ ಮನೆಗೆ ನೀರು ನುಗ್ಗಲಿಲ್ಲ. ನಮ್ಮ ಕನ್ನಡ ಕುಟುಂಬಗಳಲ್ಲಿ ಹಲವರ ಮನೆ ಮೊಣಕಾಲುದ್ದ ನೀರಿನಲ್ಲಿತ್ತು. ರಸ್ತೆ ತೆರೆದ ಮೇಲೆ ನಾನು ಜಾರ್ಜ್ ಆರ್. ಬ್ರೌನ್ ಸಮಾವೇಶ ಕೇಂದ್ರದ ಆಶ್ರಯ ಶಿಬಿರಕ್ಕೆ ಹೋದೆ. ಸಾವಿರಾರು ಜನ, ಸಾಲುಸಾಲು ಮಡಚುವ ಮಂಚ. ವಯಸ್ಸಾದವರಿಗೆ ಅಷ್ಟು ತಗ್ಗಿನ ಮಂಚದಿಂದ ಏಳಲು ಆಗುತ್ತಿರಲಿಲ್ಲ. ಹಗಲೆಲ್ಲ ನನ್ನ ಕೆಲಸ ಅದೇ: ಎಬ್ಬಿಸುವುದು, ನಡೆಸುವುದು, ಊರುಗೋಲು ಹುಡುಕುವುದು.

ಆ ದಿನಗಳಲ್ಲಿ ವಾಟ್ ಹ್ಯೂಸ್ಟನ್‌ನಲ್ಲಿ ಇರಲಿಲ್ಲ. ನ್ಯೂ ಆರ್ಲಿಯನ್ಸ್‌ಗೆ ಪಂದ್ಯಕ್ಕೆ ಹೋಗಿದ್ದ ತಂಡ ಮರಳಲಾಗದೆ ಡಲ್ಲಾಸ್‌ನಲ್ಲಿ ಉಳಿದಿತ್ತು. ಅಲ್ಲಿಂದಲೇ ಅವನು ತನ್ನ ಒಂದು ಲಕ್ಷ ಡಾಲರ್ ಹಾಕಿ, ಎರಡು ಲಕ್ಷದ ಗುರಿ ಇಟ್ಟು ನಿಧಿ ಸಂಗ್ರಹ ಆರಂಭಿಸಿದ. ಗುರಿಯನ್ನು ಮತ್ತೆ ಮತ್ತೆ ಏರಿಸಬೇಕಾಯಿತು. ಮೂರು ವಾರ ಕಳೆಯುವಷ್ಟರಲ್ಲಿ ಮೊತ್ತ 3.7 ಕೋಟಿ ಡಾಲರ್ ಮುಟ್ಟಿತು, ಕೊನೆಗೆ ನಾಲ್ಕು ಕೋಟಿಯನ್ನೂ ದಾಟಿತು. ಆ ಹಣ ಮನೆ ದುರಸ್ತಿಗೆ, ಮಕ್ಕಳ ಪಾಲನಾ ಕೇಂದ್ರಗಳಿಗೆ, ಆಹಾರಕ್ಕೆ, ಆರೋಗ್ಯ ಸೇವೆಗೆ ಹೋಯಿತು. ಊರಿಗೆ ಮರಳಿದ ಮೇಲೆ ತಂಡದವರೊಂದಿಗೆ ಲಾರಿಗಳಿಂದ ಸಾಮಾನು ಇಳಿಸಿ ಹಂಚಿದ. ಎರಡು ಶಸ್ತ್ರಚಿಕಿತ್ಸೆ ಕಂಡ ಬೆನ್ನು ಹೊತ್ತವನು ನೀರಿನ ಬಾಟಲಿಗಳ ಪೆಟ್ಟಿಗೆ ಎತ್ತುವುದನ್ನು ಟಿ.ವಿ.ಯಲ್ಲಿ ನೋಡಿ ನನಗೆ ಗಂಟಲು ಕಟ್ಟಿಬಂತು. ಈ ಊರಿನಲ್ಲಿ ಅವನ ಹೆಸರು ಹೇಳುವಾಗ ಜನ ಸ್ಯಾಕ್‌ಗಳ ಲೆಕ್ಕಕ್ಕಿಂತ ಮೊದಲು ಇದನ್ನು ಹೇಳುತ್ತಾರೆ. ಆ ವರ್ಷ ಲೀಗ್ ಅವನಿಗೆ, ಸಮಾಜಸೇವೆಗಾಗಿ ಆಟಗಾರರಿಗೆ ಕೊಡುವ ವಾಲ್ಟರ್ ಪೇಟನ್ ಹೆಸರಿನ ಗೌರವ ನೀಡಿತು.

ಇದಾದ ಕೆಲವೇ ವಾರಗಳಲ್ಲಿ, ಅಕ್ಟೋಬರ್ 8ರ ರಾತ್ರಿ, ಕಾನ್ಸಾಸ್ ಸಿಟಿ ವಿರುದ್ಧದ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಅವನ ಎಡಗಾಲು ಮಡಚಿತು. ಎರಡು ಹೆಜ್ಜೆ ಹಾಕಲು ಪ್ರಯತ್ನಿಸಿ ಕುಸಿದ. ಕಣಕಾಲಿನ ಮೂಳೆಯ ಮೇಲ್ತುದಿ, ಅಂದರೆ ಇಡೀ ದೇಹದ ಭಾರ ಮಂಡಿಯಲ್ಲಿ ಬಂದು ಕೂರುವ ತಟ್ಟೆಯಂತಹ ಭಾಗ, ಮುರಿದಿತ್ತು. ಈ ಮುರಿತವನ್ನು ನಾನು ಹೆಚ್ಚಾಗಿ ಕಾಣುವುದು ವಾಹನ ಅಪಘಾತವಾದವರಲ್ಲಿ, ಏಣಿಯಿಂದ ಬಿದ್ದವರಲ್ಲಿ. ವಾರಗಟ್ಟಲೆ ಆ ಕಾಲನ್ನು ನೆಲಕ್ಕೆ ಊರುವ ಹಾಗಿಲ್ಲ. ಅಷ್ಟರಲ್ಲಿ ತೊಡೆಯ ಮುಂಭಾಗದ ಸ್ನಾಯು ಕಣ್ಣೆದುರೇ ಕರಗುತ್ತದೆ, ಮಂಡಿ ಬಿಗಿಯುತ್ತದೆ. ಮೂಳೆಯ ಮೇಲ್ಮೈ ನುಣುಪು ಕಳೆದುಕೊಂಡಿದ್ದರೆ ಮುಂದೆ ಸಂಧಿವಾತವೂ ಬರಬಹುದು. ನಮ್ಮಲ್ಲಿಗೆ ಬರುವವರಿಗೆ ನಾವು ಇಡುವ ಗುರಿ ಮೆಟ್ಟಿಲು ಹತ್ತುವುದು, ನೋವಿಲ್ಲದೆ ಅಂಗಡಿಗೆ ಹೋಗಿ ಬರುವುದು. ಆ ರಾತ್ರಿ ಇವನು ಮತ್ತೆ ಆಡಲಾರ ಎಂದು ನನ್ನ ಜೊತೆ ಕೆಲಸ ಮಾಡುವವರು ಮಾತಾಡಿಕೊಂಡರು. ಇಪ್ಪತ್ತೆಂಟರ ವಯಸ್ಸು, ಎರಡು ವರ್ಷಗಳಲ್ಲಿ ಎಂಟು ಪಂದ್ಯ. ನನಗೂ ಬೇರೆ ಆಸೆ ಉಳಿದಿರಲಿಲ್ಲ.

2018ರ ಋತು ನನ್ನ ವೃತ್ತಿಗೇ ಒಂದು ಪಾಠವಾಯಿತು. ಮೊದಲ ಎರಡು ಪಂದ್ಯಗಳಲ್ಲಿ ಅವನಿಗೆ ಸ್ಯಾಕ್ ಸಿಗಲಿಲ್ಲ. ಪತ್ರಿಕೆಗಳು ಅವನ ಕಾಲ ಮುಗಿಯಿತೇ ಎಂದು ಕೇಳಲಾರಂಭಿಸಿದವು. ನಾನು ನೋಡುತ್ತಿದ್ದದ್ದು ಎಡಗಾಲು ಮಾತ್ರ. ಅಂಚಿನಿಂದ ಸುತ್ತಿ ಬರುವಾಗ ಒಳಗಿನ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ಮಂಡಿ ಮಡಚಿ, ನೆಲಕ್ಕೆ ಹತ್ತಿರ ವಾಲಬೇಕು. ಮೂಳೆಯ ಮೇಲೆ ನಂಬಿಕೆ ಇಲ್ಲದವನು ಅಲ್ಲಿ ನೆಟ್ಟಗೆ ನಿಂತುಬಿಡುತ್ತಾನೆ. ವಾಟ್ ವಾಲುತ್ತಿದ್ದ. ಮೂರನೆಯ ಪಂದ್ಯದಲ್ಲಿ, ಸೆಪ್ಟೆಂಬರ್ 23ರಂದು, ನ್ಯೂಯಾರ್ಕ್ ಜಯಂಟ್ಸ್ ವಿರುದ್ಧ ಮೂರು ಸ್ಯಾಕ್. ತಂಡ ಮೊದಲ ಮೂರೂ ಪಂದ್ಯ ಸೋತು, ಆಮೇಲೆ ಸತತ ಒಂಬತ್ತು ಗೆದ್ದಿತು. ಅವನು ಹದಿನಾರಕ್ಕೆ ಹದಿನಾರು ಪಂದ್ಯ ಆಡಿ 16 ಸ್ಯಾಕ್ ಮಾಡಿದ, ಏಳು ಬಾರಿ ಎದುರಾಳಿಯ ಕೈಯಿಂದ ಚೆಂಡು ಬೀಳಿಸಿದ.

ಆಟದ ರೀತಿಯೂ ಬದಲಾಗಿತ್ತು. ಮೊದಲು ಎದುರಿನವನನ್ನು ಎತ್ತಿ ಎಸೆದು ಒಳನುಗ್ಗುತ್ತಿದ್ದವನು ಈಗ ಕೈಯ ಮೇಲೆ ಹೆಚ್ಚು ನಿಂತಿದ್ದ. ಎದುರಿನವನ ಮಣಿಕಟ್ಟನ್ನು ಹೊಡೆದು ಇಳಿಸುವುದು, ಅವನ ತೂಕ ಯಾವ ಕಾಲಿಗೆ ಬಿತ್ತೆಂದು ಕಾದು ಇನ್ನೊಂದು ಕಡೆಯಿಂದ ಜಾರುವುದು. ಅಪ್ಪ ಹೇಳಿದ ಸೊಂಟದ ಮಾತು ಆಗ ನನಗೆ ಪೂರ್ತಿ ತಿಳಿಯಿತು. ಯಾರಾದರೂ ಜೆ.ಜೆ. ವಾಟ್‌ನ ಶ್ರೇಷ್ಠ ವರ್ಷ ಯಾವುದೆಂದು ಕೇಳಿದರೆ ಊರೆಲ್ಲ 2014 ಎನ್ನುತ್ತದೆ. ನಾನು 2018 ಎನ್ನುತ್ತೇನೆ, ವಾದಕ್ಕೂ ನಿಲ್ಲುತ್ತೇನೆ. 2014ರಲ್ಲಿ ಅವನ ಬಳಿ ದೇಹ ಕೊಡಬಹುದಾದ ಎಲ್ಲವೂ ಇತ್ತು. 2018ರಲ್ಲಿ ದೇಹ ಕೊಡಲಾಗದ್ದನ್ನು ಅವನು ಬೇರೆಡೆಯಿಂದ ತಂದ.

ಆ ವರ್ಷ ನಮ್ಮ ಕ್ಲಿನಿಕ್‌ನ ರೋಗಿಗಳಲ್ಲಿ ಒಂದು ಹುಮ್ಮಸ್ಸು ಇತ್ತು. ಅದೇ ಮುರಿತದಿಂದ ಬಂದಿದ್ದ ಒಬ್ಬ ಕಟ್ಟಡ ಕಾರ್ಮಿಕರು ಪ್ರತಿ ಸೋಮವಾರ, ಭಾನುವಾರ ವಾಟ್ ಎಷ್ಟು ಸ್ಯಾಕ್ ಮಾಡಿದನೋ ಅಷ್ಟು ಹೆಚ್ಚುವರಿ ಸುತ್ತು ಸ್ಕ್ವಾಟ್ ಮಾಡುತ್ತಿದ್ದರು. ಅವರಾಗಿಯೇ ಹಾಕಿಕೊಂಡ ನಿಯಮ ಅದು. ಅವರು ಮರಳಿ ಕೆಲಸಕ್ಕೆ ಹೋದರು.

ಮೆಚ್ಚುಗೆಯ ಜೊತೆಗೆ ನನ್ನಲ್ಲಿ ಒಂದು ಕಳವಳವೂ ಇದೆ. 2019ರ ಅಕ್ಟೋಬರ್ 27ರಂದು ಅವನ ಎದೆಯ ದೊಡ್ಡ ಸ್ನಾಯು ಹರಿಯಿತು. ತೋಳಿನ ಮೂಳೆಯಿಂದ ಕಿತ್ತುಬಂದ ಆ ಸ್ನಾಯುವನ್ನು ಹೊಲಿದ ಮೇಲೆ ಪೂರ್ತಿ ಬಲದ ಕೆಲಸಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬೇಕು. ವಾಟ್ ಹತ್ತು ವಾರಗಳಲ್ಲಿ, 2020ರ ಜನವರಿ 4ರ ಪ್ಲೇಆಫ್ ಪಂದ್ಯಕ್ಕೆ ಮರಳಿ ಬಂದ. ಬಫಲೋ 16-0 ಮುಂದಿತ್ತು. ಮೂರನೆಯ ಕ್ವಾರ್ಟರ್‌ನಲ್ಲಿ ವಾಟ್ ಬಫಲೋದ ಕ್ವಾರ್ಟರ್‌ಬ್ಯಾಕ್ ಜೋಷ್ ಆಲನ್‌ನನ್ನು ಕೆಡವಿದ. ಕ್ರೀಡಾಂಗಣ ಎದ್ದಿತು, ತಂಡ ಎದ್ದಿತು, ಹೆಚ್ಚುವರಿ ಅವಧಿಯಲ್ಲಿ 22-19ರಿಂದ ಗೆದ್ದಿತು. ನಾನು ಕೂಗಿದ್ದೂ ನಿಜ, ಕೂಗುತ್ತಲೇ ಆ ಹೊಲಿಗೆ ನಿಲ್ಲಲಿ ಎಂದು ಬೇಡಿಕೊಂಡದ್ದೂ ನಿಜ. ಮುಂದಿನ ವಾರ ಇಬ್ಬರು ಶಾಲಾ ಹುಡುಗರು ನಮ್ಮಲ್ಲಿಗೆ ಬಂದು, ವಾಟ್ ಹತ್ತು ವಾರಕ್ಕೆ ಬಂದನಲ್ಲ, ನಮಗೇಕೆ ಬೇಡ ಎಂದು ಕೇಳಿದರು. ಅವನ ಸುತ್ತ ದಿನವಿಡೀ ವೈದ್ಯರಿದ್ದಾರೆ, ಅಪಾಯ ಏನೆಂದು ತಿಳಿದು ತಾನೇ ನಿರ್ಧರಿಸುವ ವಯಸ್ಸು ಅವನದು. ನಿಮ್ಮ ಮೂಳೆ ಇನ್ನೂ ಬೆಳೆಯುತ್ತಿದೆ, ಇದು ಶಾಲೆಯ ಪಂದ್ಯ ಎಂದು ಹೇಳಿದೆ. ಆ ಮಾತನ್ನು ಇಂದಿಗೂ ಹೇಳುತ್ತಿದ್ದೇನೆ.

ಯುಗಾದಿಯ ಕಾರ್ಯಕ್ರಮದಲ್ಲಿ ಹಾಸನದ ಕಡೆಯ ಒಬ್ಬರು ಪಕ್ಕಕ್ಕೆ ಕರೆದು, "ಅಕ್ಕಾ, ಮಗ ಏಳನೇ ತರಗತಿಗೆ ಬಂದ, ಫುಟ್‌ಬಾಲ್ ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಬಿಡಬಹುದೇ?" ಎಂದು ಕೇಳಿದ್ದರು. ಮಂಡಿ, ಭುಜಗಳ ಬಗ್ಗೆ ನನಗೆ ಅಷ್ಟು ಭಯವಿಲ್ಲ, ಅವನ್ನು ಸರಿಪಡಿಸುವ ದಾರಿ ಇದೆ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನ ಬಗ್ಗೆ ಭಯವಿದೆ. ಮುಂಚೂಣಿಯಲ್ಲಿ ಆಡುವವರಿಗೆ ಸಣ್ಣ ಪೆಟ್ಟುಗಳು ಪ್ರತಿ ಬಾರಿಯೂ ತಾಗುತ್ತವೆ. ತಲೆ ತಗ್ಗಿಸದೆ ಭುಜದಿಂದ ಹಿಡಿಯಲು ಕಲಿಸುವ ತರಬೇತುದಾರರು ಇದ್ದಾರೆಯೇ, ತಲೆಸುತ್ತು ಎಂದ ಹುಡುಗನನ್ನು ತಕ್ಷಣ ಹೊರಗೆ ಕೂರಿಸುತ್ತಾರೆಯೇ, ಇವೆರಡನ್ನು ಮೊದಲು ನೋಡಿ ಬನ್ನಿ ಎಂದೆ. ಅವರು ಹೋಗಿ ಒಂದು ವಾರ ಅಭ್ಯಾಸ ನೋಡಿ ಬಂದರು. ಆಮೇಲೆ ಸೇರಿಸಿದರು.

ಟೆಕ್ಸನ್ಸ್‌ನಲ್ಲಿ ವಾಟ್‌ನ ಕೊನೆಯ ವರ್ಷ ಸೋಲಿನದು. ಹದಿನಾರರಲ್ಲಿ ನಾಲ್ಕೇ ಗೆಲುವು. 2021ರ ಫೆಬ್ರವರಿಯಲ್ಲಿ ಅವನ ಕೋರಿಕೆಯಂತೆ ತಂಡ ಅವನನ್ನು ಬಿಡುಗಡೆ ಮಾಡಿತು, ಅವನು ಅರಿಜೋನಾ ಕಾರ್ಡಿನಲ್ಸ್ ಸೇರಿದ. ಅಲ್ಲಿ 99 ಸಂಖ್ಯೆಯನ್ನು ಮಾರ್ಷಲ್ ಗೋಲ್ಡ್‌ಬರ್ಗ್ ಎಂಬ ಹಳೆಯ ಆಟಗಾರನ ಗೌರವಕ್ಕೆ ನಿವೃತ್ತಿಗೊಳಿಸಿದ್ದರು, ಅಂದರೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಗೋಲ್ಡ್‌ಬರ್ಗ್ ಕುಟುಂಬದ ಒಪ್ಪಿಗೆ ಪಡೆದೇ ವಾಟ್ ಅದನ್ನು ತೊಟ್ಟ. ಆ ಅಕ್ಟೋಬರ್‌ನಲ್ಲಿ, ಅದೂ ಟೆಕ್ಸನ್ಸ್ ವಿರುದ್ಧವೇ ಆಡುವಾಗ, ಅವನ ಭುಜ ಜಾರಿತು. ಕೀಲಿನ ಸುತ್ತಲಿನ ಅಂಗಾಂಶಗಳೂ ಹರಿದವು. ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಜನವರಿಯ ಪ್ಲೇಆಫ್‌ಗೆ ಅವಸರದ ಮರಳುವಿಕೆ.

2022ರ ಸೆಪ್ಟೆಂಬರ್ ಕೊನೆಯಲ್ಲಿ ಅವನ ಹೃದಯದ ಲಯ ತಪ್ಪಿತು. ವಿದ್ಯುತ್ ಆಘಾತ ಕೊಟ್ಟು ಅದನ್ನು ಸರಿಪಡಿಸಿದರು, ಅದೇ ವಾರದ ಭಾನುವಾರ ಅವನು ಆಡಿದ. ಈ ಚಿಕಿತ್ಸೆಯ ನಂತರ ವೈದ್ಯರ ಒಪ್ಪಿಗೆ ಇದ್ದರೆ ವ್ಯಾಯಾಮಕ್ಕೆ ಮರಳಬಹುದು ಎಂಬುದು ನನಗೆ ಗೊತ್ತು. ಗೊತ್ತಿದ್ದೂ ಆ ಭಾನುವಾರ ನಾನು ಟಿ.ವಿ. ಹಾಕಲಿಲ್ಲ. ಮರುದಿನ ಮುಖ್ಯಾಂಶಗಳನ್ನು ನೋಡಿದೆ. ಡಿಸೆಂಬರ್ 27ರಂದು ನಿವೃತ್ತಿ ಘೋಷಿಸಿದ. ಆಗಷ್ಟೇ ಅವನಿಗೆ ಮೊದಲ ಮಗು ಹುಟ್ಟಿತ್ತು. 2023ರ ಜನವರಿ 8ರಂದು ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ಕೊನೆಯ ಪಂದ್ಯ. ಸೋತ ಆ ಪಂದ್ಯದಲ್ಲೂ ಎರಡು ಸ್ಯಾಕ್. ಆ ಋತುವಿನಲ್ಲಿ 12.5, ಒಟ್ಟು 151 ಪಂದ್ಯಗಳಲ್ಲಿ 114.5. ಮೂವತ್ತಮೂರು ವರ್ಷ. ಇನ್ನೂ ಆಡಬಲ್ಲವನಾಗಿದ್ದಾಗಲೇ, ತನ್ನ ಕಾಲ ಮೇಲೆ ನಡೆದು ಹೊರಬಂದನಲ್ಲ ಎಂದು ನನಗೆ ತುಂಬ ಸಮಾಧಾನವಾಯಿತು.

2023ರ ಅಕ್ಟೋಬರ್ 1ರಂದು ಟೆಕ್ಸನ್ಸ್ ಅವನ ಹೆಸರನ್ನು ತನ್ನ ಶ್ರೇಷ್ಠರ ಹೆಸರುಗಳಿರುವ ಗೌರವ ವಲಯಕ್ಕೆ ಸೇರಿಸಿತು. ಎನ್.ಆರ್.ಜಿ. ಕ್ರೀಡಾಂಗಣದ ಮೇಲಿನ ಅಂತಸ್ತಿನಲ್ಲಿ ಟಿಕೆಟ್ ಸಿಕ್ಕಿತ್ತು. ಅಂದಿನ ಎದುರಾಳಿ ಪಿಟ್ಸ್‌ಬರ್ಗ್ ಸ್ಟೀಲರ್ಸ್, ಅಂದರೆ ಅವನ ಕಿರಿಯ ತಮ್ಮ ಟಿ.ಜೆ. ವಾಟ್‌ನ ತಂಡ. 2021ರಲ್ಲಿ 22.5 ಸ್ಯಾಕ್ ಮಾಡಿ ಆಗಿನ ದಾಖಲೆಯನ್ನು ಸರಿಗಟ್ಟಿದವನು ಈ ತಮ್ಮ. ಪಂದ್ಯವನ್ನು ಟೆಕ್ಸನ್ಸ್ 30-6ರಿಂದ ಗೆದ್ದಿತು. ಮೇಲಿನಿಂದ ನೋಡಿದರೆ ಟಿ.ವಿ.ಯಲ್ಲಿ ಸಿಗದ ಒಂದು ಅನುಕೂಲವಿದೆ: ಹನ್ನೊಂದು ಮಂದಿಯೂ ಒಟ್ಟಿಗೆ ಕಾಣುತ್ತಾರೆ, ಚೆಂಡಿನ ಹಿಂದೆ ಕಣ್ಣು ಓಡಬೇಕಿಲ್ಲ. ನಾನು ತಮ್ಮನ ಕೈಗಳನ್ನೇ ನೋಡುತ್ತಿದ್ದೆ. ಅಣ್ಣನಿಗಿಂತ ಹಗುರ ಮೈ, ಅಂಚಿನಿಂದ ಇನ್ನೂ ಅಗಲವಾಗಿ ಸುತ್ತಿ ಬರುವ ವರಸೆ, ಮಣಿಕಟ್ಟಿನ ಹೊಡೆತ ಮಾತ್ರ ಅದೇ.

ಈ ಆಟದ ಸಾರ್ವಕಾಲಿಕ ಶ್ರೇಷ್ಠರಿಗೆ ಮೀಸಲಾದ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಮೊದಲ ಬಾರಿ ಪರಿಗಣನೆಗೆ ಬರುವುದು 2028ರಲ್ಲಿ. ಈಗ ನಮ್ಮಲ್ಲಿಗೆ ಬರುವ ಹುಡುಗರು 2012ರಲ್ಲಿ ಕೂಸುಗಳು, ಅವರಿಗೆ ವಾಟ್ ಎಂದರೆ ಟಿ.ಜೆ. ಮಾತ್ರ. ಮಂಡಿಯ ಗಾಯದಿಂದ ಬಂದವರಿಗೆ, ಕಾಲೂರಲು ಅನುಮತಿ ಸಿಕ್ಕ ವಾರ, 2018ರ ಜಯಂಟ್ಸ್ ಪಂದ್ಯದ ತುಣುಕುಗಳನ್ನು ಹಾಕಿ ತೋರಿಸುತ್ತೇನೆ. ಸ್ಯಾಕ್ ಆಗುವ ಕ್ಷಣಕ್ಕೆ ಮೊದಲೇ ನಿಲ್ಲಿಸಿ, ಎಡಗಾಲು ಎಷ್ಟು ವಾಲಿದೆ ನೋಡು ಎನ್ನುತ್ತೇನೆ. ನೋಡಿ, ಕನ್ನಡಿಯ ಮುಂದೆ ಹೋಗಿ ಅದೇ ಕೋನಕ್ಕೆ ತಮ್ಮ ಮಂಡಿ ಮಡಚಲು ಶುರುಮಾಡುತ್ತಾರೆ, ಮೊದಲ ದಿನ ಗೋಡೆ ಹಿಡಿದುಕೊಂಡು.